ಅಂಬರಿನ ಬಿಸುಪು

ಅಂಬರ್ ಎಂದು ಹೆಸರಿಟ್ಟುಕೊಂಡ ಪರ್ಫ್ಯೂಮಿನಲ್ಲಿ ಅಂಬರ್ ಎಂಬ ಪದಾರ್ಥ ಇರುವುದಿಲ್ಲ. ಬಾಲ್ಟಿಕ್ ಕಡಲ ದಂಡೆಯಲ್ಲಿ ಸಿಗುವ ಜೇನುಬಣ್ಣದ ಅಂಬರ್ ಕೋಟ್ಯಂತರ ವರ್ಷಗಳ ಹಿಂದಿನ ಮರದ ಅಂಟು ಕಲ್ಲಾದದ್ದು. ಮೂಗಿಗೆ ಹಿಡಿದರೆ ಅದರಿಂದ ಏನೂ ಬಾರದು, ಸುಟ್ಟರಷ್ಟೇ ರಾಳದ ವಾಸನೆ. ಇನ್ನೊಂದು ಅಂಬರ್‌ಗ್ರೀಸ್, ನಮ್ಮ ಪತ್ರಿಕೆಗಳು 'ತಿಮಿಂಗಿಲ ವಾಂತಿ' ಎಂದು ಬರೆಯುವ ವಸ್ತು. ನಿಜವಾಗಿ ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಅದು ನುಂಗಿದ ಕಣವೆ ಮೀನುಗಳ (ಸ್ಕ್ವಿಡ್) ಗಟ್ಟಿ ಕೊಕ್ಕುಗಳ ಸುತ್ತ ಕಟ್ಟಿಕೊಳ್ಳುವ ಮೇಣ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮಾರುವುದು ಅಪರಾಧ, ಕರ್ನಾಟಕದಲ್ಲೂ ಆಗಾಗ ಬಂಧನದ ಸುದ್ದಿ ಬರುತ್ತಲೇ ಇರುತ್ತದೆ. ಹಾಗಾಗಿ ಅತ್ತರಿನ ಅಂಗಡಿಯಲ್ಲಿ ಯಾರಾದರೂ 'ಅಸಲಿ ಅಂಬರ್' ಎಂದು ಪಿಸುಗುಟ್ಟಿದರೆ ಕೊಳ್ಳದೆ ಬರುವುದೇ ಒಳ್ಳೆಯದು.

ಸುಗಂಧ ತಯಾರಕರ ಬಾಯಲ್ಲಿ ಅಂಬರ್ ಎಂದರೆ ಒಂದು ಅಕಾರ್ಡ್, ಅಂದರೆ ಹಲವು ಪರಿಮಳಗಳನ್ನು ಬೆರೆಸಿ ಒಂದೇ ಹೊಸ ಪರಿಮಳ ಎನಿಸುವ ಹಾಗೆ ಕಟ್ಟಿದ್ದು. ಲ್ಯಾಬ್ಡನಮ್ ಎಂಬ ಅಂಟು, ಬೆಂಜೋಯಿನ್ ಎಂಬ ರಾಳ, ವೆನಿಲ್ಲಾ ಅಥವಾ ಅದರ ಸಾರವಾದ ವೆನಿಲಿನ್, ಈ ಮೂರು ಅದರ ಕಂಬಗಳು. ಬಹಳ ಜನ ಅಂಬರ್ ಎಂದರೆ ಸಿಹಿ ಎಂದೇ ತಿಳಿದಿದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಅಂಬರ್‌ಗಳೂ ಹಾಗೆಯೇ ಇರುತ್ತವೆ. ಆದರೆ ಈ ಪರಿಮಳದ ಜೀವ ಇರುವುದು ಲ್ಯಾಬ್ಡನಮ್‌ನ ಕಪ್ಪಿನಲ್ಲಿ. ಸಿಹಿ ಅದರ ಮೇಲೆ ಬಿದ್ದ ಬೆಳಕು. ಕಪ್ಪು ತೆಳುವಾದರೆ ಅಂಬರ್ ಬೇಕರಿಯ ವಾಸನೆಯಾಗಿಬಿಡುತ್ತದೆ. ಹೆಂಗಸರೂ ಗಂಡಸರೂ ಸಲೀಸಾಗಿ ಹಚ್ಚಿಕೊಳ್ಳಬಲ್ಲ ಅಂಬರ್ ಯಾವುದು ಎಂಬ ಪ್ರಶ್ನೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಲ್ಯಾಬ್ಡನಮ್ ಬರುವುದು ಸಿಸ್ಟಸ್ ಎಂಬ ಪೊದೆಯಿಂದ. ಸ್ಪೇನಿನ ಆಂಡಲೂಸಿಯಾ, ಪೋರ್ಚುಗಲ್, ಮೊರಾಕ್ಕೊಗಳ ಒಣ ಗುಡ್ಡಗಳಲ್ಲಿ ಸಿಸ್ಟಸ್ ಲಡಾನಿಫರ್ ಬೆಳೆಯುತ್ತದೆ. ಬಿಳಿ ಹೂವು, ಸಾಮಾನ್ಯವಾಗಿ ದಳದ ಬುಡಕ್ಕೊಂದು ಕಡುಗೆಂಪು ಬೊಟ್ಟು. ಬೇಸಿಗೆಯ ಬಿಸಿಲು ಏರಿದಂತೆ ಎಲೆ-ಚಿಗುರುಗಳು ಅಂಟು ಒಸರಿಸಿಕೊಂಡು ಮಿರುಗತೊಡಗುತ್ತವೆ, ಕೈಯಿಟ್ಟರೆ ಬೆರಳು ಹಿಡಿಯುತ್ತದೆ. ಕ್ರೀಟ್ ದ್ವೀಪದಲ್ಲಿ ಇದರ ದಾಯಾದಿ ಸಿಸ್ಟಸ್ ಕ್ರೆಟಿಕಸ್ ಇದೆ. ಅಲ್ಲಿ ಅಂಟು ತೆಗೆಯುವ ಹಳೆಯ ಉಪಕರಣ ಕುಂಟೆಯ ಆಕಾರದ್ದು, ಹಲ್ಲುಗಳ ಜಾಗದಲ್ಲಿ ಉದ್ದುದ್ದ ಚರ್ಮದ ಪಟ್ಟಿಗಳು. ನಡು ಮಧ್ಯಾಹ್ನ, ಅಂಟು ಕರಗಿ ಮೆದುವಾದ ಹೊತ್ತಿನಲ್ಲಿ, ಈ ಪಟ್ಟಿಗಳಿಂದ ಪೊದೆಗಳನ್ನು ಬಾರಿಸುತ್ತ ಎಳೆಯುತ್ತಾರೆ. ಅಂಟು ಪಟ್ಟಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಚಾಕುವಿನಿಂದ ಹೆರೆದು ಉಂಡೆ ಕಟ್ಟುತ್ತಾರೆ. ಪೊದೆ ಮೇಯುವ ಮೇಕೆಗಳ ಗಡ್ಡಕ್ಕೆ ಹತ್ತಿದ ಅಂಟನ್ನು ತೆಗೆಯುತ್ತಿದ್ದರೆಂದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಬರಹದಲ್ಲೇ ಉಲ್ಲೇಖವಿದೆ. ಸ್ಪೇನಿನಲ್ಲಿ ದಾರಿ ಬೇರೆ. ಕಡ್ಡಿಗಳನ್ನು ಸೋಡಾ ಬೆರೆತ ನೀರಿನಲ್ಲಿ ಕುದಿಸಿ, ಆ ನೀರಿಗೆ ಆಮ್ಲ ಹಾಕಿದಾಗ ಅಂಟು ಬೇರೆಯಾಗಿ ಕೂಡುತ್ತದೆ. ಅದನ್ನು ಮತ್ತೆ ದ್ರಾವಕದಲ್ಲಿ ಸೋಸಿ ಅಬ್ಸಲ್ಯೂಟ್ ಎಂಬ ಗಾಢ ಸಾರ ಮಾಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಇದೇ ಗಿಡದ ಕಡ್ಡಿ-ಎಲೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಸಿಸ್ಟಸ್ ಎಣ್ಣೆ ಬರುತ್ತದೆ. ತೆಳು, ಚುರುಕು, ಸೊಪ್ಪಿನ ವಾಸನೆ. ಅಂಬರ್ ಕಟ್ಟಲು ಹೊರಟವರು ಹೆಸರು ನೋಡಿ ಇದನ್ನು ಕೊಂಡು, ಬೆಚ್ಚಗೆ ಏಕೆ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಬೇಕಾದದ್ದು ಲ್ಯಾಬ್ಡನಮ್ ಅಬ್ಸಲ್ಯೂಟ್ ಅಥವಾ ರೆಸಿನಾಯ್ಡ್, ಅಂದರೆ ರಾಳದಿಂದ ದ್ರಾವಕ ಬಳಸಿ ತೆಗೆದ ಸಾರ. ಡಾಂಬರಿನಷ್ಟು ದಪ್ಪ, ಕಪ್ಪುಗಂದು, ಬಾಟಲಿಯನ್ನು ಬೋರಲು ಹಾಕಿದರೂ ಸುಲಭಕ್ಕೆ ಇಳಿಯದ್ದು.

ಅದನ್ನು 10 ಪ್ರತಿಶತಕ್ಕೆ ತೆಳು ಮಾಡಿ ಕಾಗದದ ಪಟ್ಟಿಗೆ ಅದ್ದಿ ನೋಡಬೇಕು. ಮೊದಲ ಕೆಲವು ನಿಮಿಷ ಒಣ ಮೂಲಿಕೆ, ಒಂಚೂರು ಟರ್ಪೆಂಟೈನ್. ಅದು ಇಳಿಯುತ್ತಿದ್ದಂತೆ ತೊಗಲು, ಒಣ ಅಂಜೂರ, ಹಳೆಯ ಜೇನು, ಅದರ ಹಿಂದೆ ಪ್ರಾಣಿಯ ಮೈಬಿಸಿ. ಮರುದಿನ ಬೆಳಗ್ಗೆ ಪಟ್ಟಿಯಲ್ಲಿ ಉಳಿದಿರುವುದು ಒಣಗಿದ, ತುಸು ಉಪ್ಪುಪ್ಪಾದ ಕಂಪು. ಈ ಕೊನೆಯ ಘಟ್ಟ ಅಂಬರ್‌ಗ್ರೀಸನ್ನು ನೆನಪಿಸುವುದಕ್ಕೆ ಕಾರಣವಿದೆ: ಲ್ಯಾಬ್ಡೇನ್ ಎಂಬ ಅಣುಗಳ ಬಳಗವೇ ಈ ಅಂಟಿನಿಂದ ಹೆಸರು ಪಡೆದದ್ದು. ಅಂಬರ್‌ಗ್ರೀಸಿನ ಮುಖ್ಯ ಪರಿಮಳದ ಅಣುವಿನ ಹಂದರವೂ ಅದೇ ಕುಲದ್ದು. ಕಾಡಿನ ಪೊದೆ, ಕಡಲಿನ ತಿಮಿಂಗಿಲ ಎರಡೂ ಒಂದೇ ಹೆಸರಿನ ಸುತ್ತ ಸೇರಿಕೊಂಡದ್ದು ಬರೀ ಆಕಸ್ಮಿಕವಲ್ಲ.

ಬೆಂಜೋಯಿನ್ ನಮಗೆ ಹೊಸದೇನಲ್ಲ, ಲೋಬಾನ ಎಂದರೆ ಅದೇ. ಸ್ಟೈರಾಕ್ಸ್ ಮರದ ತೊಗಟೆಗೆ ಕಚ್ಚು ಹಾಕಿದಾಗ ಒಸರುವ ರಸ ಗಾಳಿಗೆ ಗಟ್ಟಿಯಾಗಿ ಬಾದಾಮಿ ಗಾತ್ರದ ತುಣುಕುಗಳಾಗುತ್ತದೆ. ಉತ್ತರ ಲಾವೋಸಿನ ಗುಡ್ಡಗಾಡಿನಿಂದ ಬರುವುದಕ್ಕೆ 'ಸಿಯಾಮ್' ಎಂಬ ಹೆಸರು, ಸುಮಾತ್ರಾದ ಟೋಬಾ ಸರೋವರದ ಸುತ್ತಲಿನದು ಇನ್ನೊಂದು ಬಗೆ. ಸಿಯಾಮ್‌ನಲ್ಲಿ ವೆನಿಲ್ಲಾದ ಛಾಯೆ ಸಹಜವಾಗಿಯೇ ಇದೆ, ಮೃದು. ಸುಮಾತ್ರಾದ್ದರಲ್ಲಿ ಸಿನಾಮಿಕ್ ಆಮ್ಲದ ಅಂಶ ಹೆಚ್ಚು, ವಾಸನೆ ಒರಟು, ಔಷಧದ ಕಡೆಗೆ ವಾಲುತ್ತದೆ. ಅಂಬರ್‌ಗೆ ಸಿಯಾಮೇ ಲೇಸು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪೂಜಾ ಸಾಮಗ್ರಿ ಅಂಗಡಿಯ ಸಾಂಬ್ರಾಣಿಯನ್ನೇ ಆಲ್ಕೋಹಾಲಿನಲ್ಲಿ ನೆನೆಸಿ ನೋಡೋಣವೆಂಬ ಆಸೆ ಕೆಲವರಿಗೆ ಬರುತ್ತದೆ. ಅದರಲ್ಲಿ ಬೇರೆ ರಾಳಗಳು, ಪುಡಿ, ಕೆಲವೊಮ್ಮೆ ಇದ್ದಿಲು ಕೂಡ ಬೆರೆತಿರುವುದರಿಂದ ತಳದಲ್ಲಿ ಕೆಸರು ಕೂರುತ್ತದೆ, ಪ್ರತಿ ಸಲ ಬೇರೆ ಬೇರೆ ವಾಸನೆ ಬರುತ್ತದೆ. ಮೈಸೂರಿನ ಮಸಾಲೆ ಅಗರಬತ್ತಿಗಳಲ್ಲಿ ಹೆಸರುವಾಸಿಯಾದ ಹಾಲುಮಡ್ಡಿಯೂ ಬೇರೆಯೇ. ಅದು ಪಶ್ಚಿಮ ಘಟ್ಟದ ಐಲಾಂತಸ್ ಜಾತಿಯ ಮರದ ಅಂಟು. ಹೀಗಿದ್ದರೂ ಧೂಪ-ಲೋಬಾನಗಳ ಹೊಗೆಯಲ್ಲಿ ಬೆಳೆದ ಮೂಗಿಗೆ ಅಂಬರ್ ಪರ್ಫ್ಯೂಮ್ ಪರಕೀಯ ಎನಿಸುವುದಿಲ್ಲ. ಅದು ದೇವರ ಕೋಣೆಯನ್ನೋ ದರ್ಗಾವನ್ನೋ ನೆನಪಿಗೆ ತರುವುದು ಈ ಬೆಂಜೋಯಿನ್‌ನಿಂದ.

ಮೂರನೆಯದು ವೆನಿಲ್ಲಾ. ಅಂಬರ್ ಎಂಬ ಅಕಾರ್ಡಿನ ಚರಿತ್ರೆ ಶುರುವಾಗುವುದೇ ಪ್ರಯೋಗಾಲಯದಲ್ಲಿ ವೆನಿಲಿನ್ ತಯಾರಾದ ಮೇಲೆ. 1874ರಲ್ಲಿ ಫರ್ಡಿನಾಂಡ್ ಟೀಮನ್ ಮತ್ತು ವಿಲ್ಹೆಲ್ಮ್ ಹಾರ್ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಪೈನ್‌ನಂಥ ಕೋನಿಫೆರಸ್ ಮರಗಳ ರಸದಲ್ಲಿರುವ ಕೋನಿಫೆರಿನ್‌ನಿಂದ ಅದನ್ನು ಮಾಡಿ ತೋರಿಸಿದರು. ಚಿನ್ನದ ಬೆಲೆಯಲ್ಲಿದ್ದ ಪರಿಮಳ ಬರಬರುತ್ತ ಅಗ್ಗವಾಗಿ ಸಿಗತೊಡಗಿತು. ಲ್ಯಾಬ್ಡನಮ್‌ನಂಥ ಒರಟು ಅಂಟಿಗೆ ಬೇಕಾದಷ್ಟು ವೆನಿಲಿನ್ ಸುರಿದು ಪಳಗಿಸುವ ಧೈರ್ಯ ಬಂದದ್ದು ಆಗ. ಫ್ರಾನ್ಸಿನ ಡಿ ಲೇರ್ ಕಂಪನಿಯ 'ಆಂಬ್ರ್ 83' ಎಂಬ ಸಿದ್ಧ ಬೇಸ್ (ಮೊದಲೇ ಬೆರೆಸಿಟ್ಟ ತಳದ ಮಿಶ್ರಣ) ಅನೇಕ ಪರ್ಫ್ಯೂಮ್‌ಗಳ ತಳಪಾಯವಾಯಿತು. ಇಂದಿಗೂ ಬಹುಪಾಲು ಸೀಸೆಗಳಲ್ಲಿರುವುದು ಕೃತಕ ವೆನಿಲಿನ್ನೇ. ಒಳ್ಳೆಯ ವೆನಿಲ್ಲಾ ಕಾಯಿಯಲ್ಲಿ ವೆನಿಲಿನ್ ಇರುವುದು ಹೆಚ್ಚೆಂದರೆ ಶೇ 2ರ ಆಸುಪಾಸು, ಜೊತೆಗೆ ನೂರಾರು ಬೇರೆ ಸೂಕ್ಷ್ಮ ವಾಸನೆಗಳು. ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರಿಗೆ ಈ ಬಳ್ಳಿಯ ಹಣೆಬರಹ ಗೊತ್ತೇ ಇದೆ. ಪ್ರತಿ ಹೂವಿಗೂ ಕೈಯಿಂದ ಪರಾಗ ಸೋಕಿಸಿ ಬೆಳೆಸಿದ ಬೆಳೆಗೆ 2003ರ ಸುಮಾರಿಗೆ ಬಂಗಾರದ ಬೆಲೆ ಬಂತು, ಹಿಂದೆಯೇ ನೆಲಕಚ್ಚಿತು. ಜಗತ್ತಿನ ಬೆಲೆ ಏರಿಳಿದಾಗಲೆಲ್ಲ ಕೃತಕ ವೆನಿಲಿನ್ ಆ ಜಾಗಕ್ಕೆ ಬಂದು ಕೂರುತ್ತದೆ. ಅದರ ತಮ್ಮ ಈಥೈಲ್ ವೆನಿಲಿನ್ ಎರಡರಿಂದ ನಾಲ್ಕು ಪಟ್ಟು ಗಡುಸು, ಹೆಚ್ಚು ಕೆನೆಕೆನೆ. ಕೈ ತಪ್ಪಿ ಒಂದಿಷ್ಟು ಹೆಚ್ಚಾದರೆ ಐಸ್‌ಕ್ರೀಮ್.

ಈ ಮೂರೂ ಕೂಡಿದಾಗ ಬರುವ ಬಿಸುಪು ಎಂಥದ್ದು? ಮೊದಲನೆಯದಾಗಿ ಅದು ನಿಧಾನ. ನಿಂಬೆ-ಕಿತ್ತಳೆಗಳ ಅಣುಗಳು ಹಗುರ, ಹತ್ತಿಪ್ಪತ್ತು ನಿಮಿಷದಲ್ಲಿ ಗಾಳಿ ಸೇರುತ್ತವೆ. ವೆನಿಲಿನ್, ಲ್ಯಾಬ್ಡನಮ್, ಬೆಂಜೋಯಿನ್‌ಗಳ ಭಾರದ ಅಂಶಗಳು ಚರ್ಮದ ಮೇಲೆ ಗಂಟೆಗಟ್ಟಲೆ, ಕಾಗದದ ಪಟ್ಟಿಯಲ್ಲಿ ದಿನಗಟ್ಟಲೆ ಕೂರುತ್ತವೆ. ಮಲ್ಲಿಗೆ ಅಥವಾ ಗುಲಾಬಿಯ ಪರ್ಫ್ಯೂಮ್ ಗಂಟೆಗೊಂದು ಮುಖ ತೋರಿಸಿದರೆ, ಅಂಬರ್ ಮೊದಲ ಅರ್ಧಗಂಟೆ ಕಳೆದ ಮೇಲೆ ಹೆಚ್ಚು ಬದಲಾಗುವುದಿಲ್ಲ. ಕೆಲವರಿಗೆ ಇದು ಬೇಸರ. ನನಗೆ ಅದರ ಘನತೆ ಇರುವುದೇ ಇಲ್ಲಿ. ಅದು ಏನನ್ನೂ ಸಾಬೀತು ಮಾಡಲು ಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಎರಡನೆಯದಾಗಿ, ಪುದೀನ, ಕರ್ಪೂರ, ನೀಲಗಿರಿಗಳಂತೆ ಮೂಗಿನ ನರಗಳಿಗೆ ತಂಪು ಮುಟ್ಟಿಸುವ ಏನೂ ಅದರಲ್ಲಿಲ್ಲ. ತಿನಿಸಿನ ಸಿಹಿ, ಧೂಪದ ಹೊಗೆ, ತೊಗಲಿನ ಸಾಮೀಪ್ಯ ಮೂರೂ ಒಟ್ಟಿಗೆ ಬರುವುದರಿಂದ ಮನಸ್ಸಿಗೆ ಒಳಮನೆಯ, ಸಂಜೆಯ, ಹೊದಿಕೆಯ ಭಾವ.

ಒಂದೇ ಅಕಾರ್ಡ್ ಎಷ್ಟು ಬೇರೆ ಬೇರೆ ಸ್ವಭಾವ ತಾಳಬಲ್ಲದು ಎಂಬುದಕ್ಕೆ ಕೆಲವು ಪ್ರಸಿದ್ಧ ಸೀಸೆಗಳನ್ನು ನೋಡಬಹುದು. 1925ರಲ್ಲಿ ಜಾಕ್ ಗೆರ್ಲಾನ್ ಹೊರತಂದ 'ಶಾಲಿಮಾರ್' ಹೆಸರು ಪಡೆದದ್ದು ಮೊಘಲರ ಉದ್ಯಾನದಿಂದ. ಮೇಲೆ ಬರ್ಗಮಾಟ್ ನಿಂಬೆಯ ಹೊಳಪು, ಕೆಳಗೆ ಈಥೈಲ್ ವೆನಿಲಿನ್ ಮತ್ತು ರಾಳಗಳ ಹೊಗೆ. ಈ ಎರಡರ ನಡುವಿನ ಎಳೆದಾಟವೇ ಅದರ ಸೊಬಗು. ಕ್ರಿಸ್ಟೊಫರ್ ಶೆಲ್ಡ್ರೇಕ್ ಅವರು ಸರ್ಜ್ ಲುಟೆನ್ಸ್‌ಗಾಗಿ ಮಾಡಿದ 'ಆಂಬ್ರ್ ಸುಲ್ತಾನ್' ಸಿಹಿಯನ್ನು ಹಿಂದಕ್ಕೆ ತಳ್ಳಿ ಓರೆಗಾನೊ, ಬೇ ಎಲೆ, ಕೊತ್ತಂಬರಿಗಳ ಒಣ ಕಹಿಯನ್ನು ಮುಂದೆ ತಂದಿತು. ಅದನ್ನು ಮೂಸಿದರೆ ಸಿಸ್ಟಸ್ ಪೊದೆಗಳ ನಡುವೆ ನಡು ಮಧ್ಯಾಹ್ನ ನಿಂತ ಹಾಗಾಗುತ್ತದೆ. ಜಾನ್-ಕ್ಲೋಡ್ ಎಲೆನಾ ಅವರ 2004ರ 'ಆಂಬ್ರ್ ನಾರ್ಗಿಲೆ' ಜೇನು, ಒಣಹಣ್ಣು, ಹುಕ್ಕಾದ ತಂಬಾಕಿನ ಕಡೆಗೆ ಹೋಯಿತು. ಫ್ರಾನ್ಸಿಸ್ ಕುರ್ಕ್‌ಜಿಯಾನ್ ಅವರ 2016ರ 'ಗ್ರಾಂ ಸ್ವಾರ್' ಬೆಂಜೋಯಿನ್-ವೆನಿಲ್ಲಾಗಳನ್ನು ನಯಗೊಳಿಸಿ ಹೊಳಪು ಕೊಟ್ಟ ನಗರದ ರಾತ್ರಿ. ಈ ನಾಲ್ಕನ್ನೂ ಅಕ್ಕಪಕ್ಕ ಮೂಸಿದವರಿಗೆ ಅಂಬರ್ ಎಂಬುದು ಒಂದು ವಾಸನೆಯ ಹೆಸರಲ್ಲ, ಒಂದು ಸೀಮೆಯ ಹೆಸರು ಎಂದು ತಿಳಿಯುತ್ತದೆ.

ಯೂನಿಸೆಕ್ಸ್ ಎಂಬ ಪಟ್ಟಿ ಅಂಟಿಸಿ ಪರ್ಫ್ಯೂಮ್ ಮಾರುವುದು ದೊಡ್ಡ ಮಟ್ಟದಲ್ಲಿ ಗೆದ್ದದ್ದು 1994ರ 'ಸಿಕೆ ಒನ್'ನಿಂದ. ಅದಾದರೋ ನಿಂಬೆ-ಹಸಿರಿನ ತಿಳಿ ಪರಿಮಳ. ಅತ್ತರಿನ ಲೋಕದಲ್ಲಿ ಈ ಗಂಡು-ಹೆಣ್ಣಿನ ಗೋಡೆ ಎಂದೂ ಗಟ್ಟಿಯಾಗಿರಲಿಲ್ಲ. ಉತ್ತರ ಪ್ರದೇಶದ ಕನೌಜಿನ ಶಮಾಮಾ ಅತ್ತರನ್ನೇ ನೋಡಿ. ದೇಗ್ ಎಂಬ ತಾಮ್ರದ ಕೊಪ್ಪರಿಗೆ, ಭಪ್ಕಾ ಎಂಬ ಹಬೆ ಹಿಡಿಯುವ ಪಾತ್ರೆಗಳಲ್ಲಿ ಹತ್ತಾರು ಬೇರು, ಮಸಾಲೆ, ರಾಳಗಳನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ನಮ್ಮ ಅಡುಗೆಯ ಕಲ್ಲುಹೂವು ಕೂಡ ಅದರಲ್ಲಿ ಬೀಳುತ್ತದೆ. ಬೆಚ್ಚಗಿನ, ಕಂದುಬಣ್ಣದ ಆ ಪರಿಮಳವನ್ನು ಚಳಿಗಾಲದಲ್ಲಿ ಯಾರು ಬೇಕಾದರೂ ಹಚ್ಚಿಕೊಳ್ಳುತ್ತಾರೆ. ಪಶ್ಚಿಮದಲ್ಲಿ ಈ ಇಡೀ ಬಳಗವನ್ನು 'ಓರಿಯೆಂಟಲ್' ಎಂದು ಕರೆಯುತ್ತಿದ್ದರು. ಪರಿಮಳಗಳನ್ನು ವರ್ಗೀಕರಿಸುವ ಮೈಕಲ್ ಎಡ್ವರ್ಡ್ಸ್ 2021ರಲ್ಲಿ ಆ ಹೆಸರನ್ನು ಕೈಬಿಟ್ಟು 'ಅಂಬರ್' ಎಂದು ಬದಲಿಸಿದರು. ಅದು ನ್ಯಾಯವೇ. ಆದರೆ ಗೊಂದಲವೂ ಹೆಚ್ಚಿತು, ಏಕೆಂದರೆ ಈಗ ಲ್ಯಾಬ್ಡನಮ್‌ನ ಸುಳಿವೇ ಇಲ್ಲದ ಸಿಹಿ-ಮಸಾಲೆಯ ಪರ್ಫ್ಯೂಮ್‌ಗಳ ಮೇಲೂ ಅಂಬರ್ ಎಂದೇ ಬರೆದಿರುತ್ತದೆ.

ಇನ್ನೂ ದೊಡ್ಡ ಗೊಂದಲ ಇನ್ನೊಂದಿದೆ. ಅಂಗಡಿಯಲ್ಲಿ 'ಅಂಬರ್‌ವುಡ್', 'ವುಡಿ ಅಂಬರ್' ಎಂದಿದ್ದರೆ ಅದು ಬಹುತೇಕ ಬೇರೆ ಜಾತಿ. ಕ್ಲಾರಿ ಸೇಜ್ ಗಿಡದ ಸ್ಕ್ಲಾರಿಯೋಲ್‌ನಿಂದ ಮಾಡುವ ಆಂಬ್ರಾಕ್ಸಾನ್ ಅಂಬರ್‌ಗ್ರೀಸಿನ ದಾರಿಯದು: ಒಣ, ಖನಿಜದ, ಉಪ್ಪುಗಾಳಿಯ ಹೊಳಪು. ಅದಕ್ಕಿಂತ ಜೋರಾದ ಕಾರಾನಾಲ್, ನಾರ್ಲಿಂಬನಾಲ್‌ನಂಥ ಕೃತಕ ಅಣುಗಳು ಕೆಲವರ ಮೂಗಿಗೆ ಸೂಜಿ ಚುಚ್ಚಿದಂತೆ, ಇನ್ನು ಕೆಲವರಿಗೆ ಗೊತ್ತೇ ಆಗುವುದಿಲ್ಲ. 2015ರ 'ಬ್ಯಾಕರಾ ರೂಜ್ 540' ಈ ಹೊಸ ಅಂಬರ್‌ನ ಹೆಸರಾಂತ ಮುಖ. ಪತ್ತೆ ಹಚ್ಚುವ ದಾರಿ ಸರಳ. ಮೂರು ಗಂಟೆಯ ಮೇಲೆ ಪಟ್ಟಿಯನ್ನು ಮೂಸಿದಾಗ ಕಂದುಬಣ್ಣದ, ಅಂಟಂಟಾದ, ಒಣಹಣ್ಣಿನ ಭಾವ ಬಂದರೆ ಹಳೆಯ ಬೆಚ್ಚನೆಯ ಅಂಬರ್. ಗಾಜಿನಂತೆ ತೆಳುವಾಗಿ, ಒಣಗಿ, ದೂರದಿಂದಲೇ ಕಿವಿಯಲ್ಲಿ ಗುಂಯ್ ಎನ್ನುವ ಹಾಗೆ ಬಂದರೆ ಹೊಸದು. ಎರಡರಲ್ಲಿ ಯಾವುದೂ ಕೀಳಲ್ಲ, ಆದರೆ ಒಂದನ್ನು ಬಯಸಿ ಇನ್ನೊಂದಕ್ಕೆ ಸಾವಿರಾರು ರೂಪಾಯಿ ಕೊಡುವಂತಾಗಬಾರದು.

ಪರೀಕ್ಷೆ ಮಾಡುವಾಗ ಅವಸರ ಬೇಡ. ಸಿಂಪಡಿಸಿದ ತಕ್ಷಣ ಮೂಗಿಗೆ ಬರುವುದು ಆಲ್ಕೋಹಾಲು ಮತ್ತು ನಿಂಬೆ. ಹತ್ತು ನಿಮಿಷ, ಒಂದು ಗಂಟೆ, ನಾಲ್ಕು ಗಂಟೆ, ಮರುದಿನ ಬೆಳಗ್ಗೆ, ಹೀಗೆ ನಾಲ್ಕು ಸಲ ಮೂಸಿ. ಅಂಬರ್‌ಗೆ ದುಡ್ಡು ಕೊಡುವುದು ಕೊನೆಯ ಎರಡು ಘಟ್ಟಗಳಿಗಾಗಿ. ಅಂಗಡಿಯಲ್ಲಿ ಇಟ್ಟಿರುವ ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುವುದಿಲ್ಲ. ಹೊರಗೆ ಬಂದು ಗಾಳಿ ಕುಡಿಯುವುದೋ ಪರಿಮಳ ಹಚ್ಚಿರದ ಸ್ವಂತ ತೋಳನ್ನು ಮೂಸುವುದೋ ಮೇಲು. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಿದರೆ ಕಾವಿಗೆ ಮೇಲಿನ ಹಗುರ ಪರಿಮಳ ಬೇಗ ಹಾರುತ್ತದೆ, ಅಷ್ಟೇ. ಅಣುಗಳು ಒಡೆಯುತ್ತವೆ ಎಂಬ ಮಾತು ಸುಳ್ಳು.

ಹವೆಯ ಲೆಕ್ಕ ಇಲ್ಲಿ ಬಹಳ ಮುಖ್ಯ. ಮಂಗಳೂರು, ಕಾರವಾರದ ಏಪ್ರಿಲ್‌ನಲ್ಲಿ ಸೆಕೆಗೆ ಚರ್ಮದ ಕಾವು ಏರಿ ಪರಿಮಳ ಬೇಗ ಬೇಗ ಮೇಲೇಳುತ್ತದೆ, ಬೆವರಿನೊಡನೆ ವೆನಿಲ್ಲಾ ಕೂಡಿದರೆ ಗಂಟಲಿಗೆ ಕಟ್ಟುತ್ತದೆ. ಅಲ್ಲಿ ಅಂಬರ್ ಬೇಕೇ ಬೇಕೆಂದರೆ ಒಂದೇ ಒಂದು ಸಿಂಪಡಣೆ, ಅದೂ ಅಂಗಿಯ ಒಳಗೆ ಎದೆಗೆ, ಸಂಜೆ ಸ್ನಾನದ ನಂತರ. ಬೆಂಗಳೂರಿನ ಡಿಸೆಂಬರ್ ಬೆಳಗು, ಮಡಿಕೇರಿಯ ಮಳೆಗಾಲ, ಧಾರವಾಡದ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು, ಎರಡು ಸಿಂಪಡಣೆ ಸಾಕು. ಅಂಬರ್‌ಗೆ ಒಣ ಚರ್ಮ ಆಗಿಬರುವುದಿಲ್ಲ. ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಒಂದು ಹನಿ ವ್ಯಾಸಲಿನ್ ತೀಡಿ ಅದರ ಮೇಲೆ ಹಾಕಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎ.ಸಿ. ಕಚೇರಿಯಲ್ಲಿ ಅರ್ಧ ಗಂಟೆಗೆಲ್ಲ ಹಚ್ಚಿಕೊಂಡವರಿಗೆ ವಾಸನೆ ತಿಳಿಯದಾಗುತ್ತದೆ, ಮೂಗು ರೂಢಿಯಾದದ್ದನ್ನು ಬದಿಗಿಡುತ್ತದೆ. ಹಾರಿಹೋಯಿತೆಂದು ಮತ್ತೆ ಸಿಂಪಡಿಸಿದರೆ ಪಕ್ಕದ ಮೇಜಿನವರಿಗೆ ತಲೆನೋವು. ಇನ್ನೊಬ್ಬರನ್ನು ಕೇಳಿಯೇ ಎರಡನೆಯ ಸಲ ಹಾಕುವುದು ಒಳ್ಳೆಯದು. ವೆನಿಲಿನ್ ಮತ್ತು ರಾಳಗಳು ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ ಬಿಡುತ್ತವೆ, ರೇಷ್ಮೆ ಸೀರೆಗಂತೂ ನೇರವಾಗಿ ತಾಗಿಸಲೇಬಾರದು. ಬಿಸಿಲು ಬೀಳುವ ಕಪಾಟು, ಬಚ್ಚಲುಮನೆ ಎರಡೂ ಸೀಸೆಗೆ ವೈರಿ. ಕಾಲ ಕಳೆದಂತೆ ದ್ರವ ಕಡುಗಂದಾದರೆ ಗಾಬರಿ ಬೇಡ, ವೆನಿಲಿನ್‌ನ ಗುಣವೇ ಅದು. ಮೇಲಿನ ನಿಂಬೆ ಹುಳಿಹುಳಿಯಾಗಿ, ಹಳಸಲು ಎಣ್ಣೆಯಂತೆ ನಾರಿದರೆ ಮಾತ್ರ ಕೆಟ್ಟಿದೆ ಎಂದರ್ಥ.

ಮನೆಯಲ್ಲೇ ಒಂದು ಅಂಬರ್ ಕಟ್ಟಿ ನೋಡಿದರೆ ಮೇಲಿನ ಮಾತೆಲ್ಲ ಮೂಗಿಗೇ ಅರ್ಥವಾಗುತ್ತದೆ. ಬೇಕಾದ ಸಲಕರಣೆ: 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ, ಗಾಜಿನ ಸೀಸೆಗಳು, ಗಾಜಿನ ಕಡ್ಡಿ, ಪಿಪೆಟ್‌ಗಳು, ಕಾಫಿ ಸೋಸುವ ಕಾಗದ. ಹನಿ ಎಣಿಸಿ ಮಾಡುವುದು ಬೇಡ. ಲ್ಯಾಬ್ಡನಮ್‌ನ ಹನಿ ಒಂದು ಗಾತ್ರ, ಪಚೌಲಿ ಎಂಬ ಸೊಪ್ಪಿನ ಎಣ್ಣೆಯದು ಇನ್ನೊಂದು. ಎಥನಾಲ್ ಅಬಕಾರಿ ಹಿಡಿತದಲ್ಲಿರುವುದರಿಂದ ಸುಗಂಧ ಸಾಮಗ್ರಿ ಮಾರುವವರಲ್ಲಿ ಸಿಗುವ 'ಪರ್ಫ್ಯೂಮರ್ಸ್ ಆಲ್ಕೋಹಾಲ್' ಕೊಳ್ಳಬೇಕು. ಔಷಧಿ ಅಂಗಡಿಯ ಐಸೊಪ್ರೊಪೈಲ್‌ಗೆ ತನ್ನದೇ ಘಾಟು, ಪಾಲಿಷ್ ಮಾಡುವ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಅದು ವಿಷ. ಆಲ್ಕೋಹಾಲಿನ ಹತ್ತಿರ ಬೆಂಕಿ ಇರಲೇಬಾರದು.

ಮೊದಲು ದ್ರಾವಣಗಳು. ಲ್ಯಾಬ್ಡನಮ್ ಬಾಟಲಿಯನ್ನು 50 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಹದಿನೈದು ನಿಮಿಷ ಇಟ್ಟರೆ ಸಡಿಲವಾಗುತ್ತದೆ. 5 ಗ್ರಾಂ ತೂಗಿ, ಒಲೆಯಿಂದ ದೂರ ಬಂದು, 5 ಗ್ರಾಂ ಆಲ್ಕೋಹಾಲ್ ಸೇರಿಸಿ ಕಲಕಿ, ಒಂದು ದಿನ ಬಿಡಿ. ಬೆಂಜೋಯಿನ್ ರೆಸಿನಾಯ್ಡಿಗೂ ಹೀಗೆಯೇ ಸಮಸಮ, ಆದರೆ ಕೆಲವರು ಅದನ್ನು ಮೊದಲೇ ತೆಳುಮಾಡಿ ಮಾರುತ್ತಾರಾದ್ದರಿಂದ ಸೀಸೆಯ ಮೇಲಿನ ಚೀಟಿ ಓದಿ. ವೆನಿಲಿನ್ ಪುಡಿ 1 ಗ್ರಾಂ, ಆಲ್ಕೋಹಾಲ್ 9 ಗ್ರಾಂ. ಇದು ನಿಮಿಷಗಳಲ್ಲೇ ಕರಗುತ್ತದೆ.

ಇನ್ನು ಬೇಸ್, ಅಂದರೆ ತಳದ ಮಿಶ್ರಣಕ್ಕೆ: ಲ್ಯಾಬ್ಡನಮ್ ದ್ರಾವಣ 3.0 ಗ್ರಾಂ, ಬೆಂಜೋಯಿನ್ ದ್ರಾವಣ 3.5 ಗ್ರಾಂ, ವೆನಿಲಿನ್ ದ್ರಾವಣ 3.0 ಗ್ರಾಂ, ಶ್ರೀಗಂಧದ ಎಣ್ಣೆ 0.4 ಗ್ರಾಂ, ಪಚೌಲಿ ಎಣ್ಣೆ 0.1 ಗ್ರಾಂ. ಒಟ್ಟು 10 ಗ್ರಾಂ, ಅದರಲ್ಲಿ ಪರಿಮಳದ್ರವ್ಯ 4.05 ಗ್ರಾಂ. ಶ್ರೀಗಂಧಕ್ಕೆ ಇಲ್ಲಿ ದೊಡ್ಡ ಕೆಲಸ: ಲ್ಯಾಬ್ಡನಮ್‌ನ ಒರಟನ್ನೂ ವೆನಿಲಿನ್‌ನ ಚೂಪನ್ನೂ ಹಾಲಿನಂಥ ಮರದ ಮೃದುವಿನಿಂದ ಬೆಸೆಯುವುದು. ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಹೆಸರಾದ ಎಣ್ಣೆಯ ಗುಣವನ್ನು ಇಂದಿಗೂ ಅಳೆಯುವುದು ಅದರ ಪರಿಮಳದ ಮುಖ್ಯ ಅಣುಗಳಾದ ಸಾಂಟಲಾಲ್‌ಗಳಿಂದ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಆಲ್ಫಾ ಸಾಂಟಲಾಲ್ ಶೇ 41ರಿಂದ 55ರವರೆಗೆ, ಬೀಟಾ ಶೇ 16ರಿಂದ 24ರವರೆಗೆ ಇರಬೇಕು. ಬೆಲೆ ಕೈಗೆಟುಕದಿದ್ದರೆ ಸ್ಯಾಂಡಲೋರ್‌ನಂಥ ಕೃತಕ ದ್ರವ್ಯದಿಂದ ಆರಂಭಿಸಿದರೂ ನಷ್ಟವಿಲ್ಲ. ಪಚೌಲಿ ಮಾತ್ರ ಪಾಯಸಕ್ಕೆ ಹಾಕುವ ಚಿಟಿಕೆ ಉಪ್ಪು. ಇರುವುದು ಗೊತ್ತಾಗಬಾರದು, ಇಲ್ಲದಿದ್ದರೆ ಸಪ್ಪೆ. 0.1 ಎಂದರೆ ಮೂರು-ನಾಲ್ಕು ಹನಿಯಷ್ಟೇ. 0.3 ಆದರೆ ಇಡೀ ಅಂಬರ್ ಮಣ್ಣುವಾಸನೆಗೆ ತಿರುಗುತ್ತದೆ.

ಈ ಬೇಸನ್ನು ಒಂದು ವಾರ ಕತ್ತಲಲ್ಲಿಡಿ. ಮೊದಲ ದಿನ ಮೂರೂ ಬೇರೆ ಬೇರೆಯಾಗಿ ಮೂಗಿಗೆ ಬರುತ್ತವೆ, ವಾರದ ಹೊತ್ತಿಗೆ ಅಂಚುಗಳು ಕರಗಿರುತ್ತವೆ. ಆಮೇಲೆ ಬರ್ಗಮಾಟ್ ಎಣ್ಣೆ 0.5 ಗ್ರಾಂ, ಆಲ್ಕೋಹಾಲ್ 19.5 ಗ್ರಾಂ ಸೇರಿಸಿದರೆ 30 ಗ್ರಾಂ, ಸುಮಾರು ಶೇ 15ರಷ್ಟು ಪರಿಮಳದ್ರವ್ಯವಿರುವ 'ಓ ದ ಪರ್ಫಾಂ' ದರ್ಜೆಯ ಪರ್ಫ್ಯೂಮ್. ಬರ್ಗಮಾಟ್ ಕಡ್ಡಾಯವಾಗಿ ಬರ್ಗಾಪ್ಟೀನ್ ತೆಗೆದದ್ದೇ ಆಗಿರಬೇಕು. ಸಾಮಾನ್ಯ ಬರ್ಗಮಾಟ್ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಐಎಫ್‌ಆರ್‌ಎ ಅದಕ್ಕೆ ಹಾಕಿದ ಮಿತಿ ಶೇ 0.4. ಸಿಹಿ ಘಮಕ್ಕೆಂದು ಪೆರು ಬಾಲ್ಸಮ್ ಕಚ್ಚಾ ರೂಪದಲ್ಲಿ ಸೇರಿಸುವ ಸಲಹೆ ಹಳೆಯ ಸೂತ್ರಗಳಲ್ಲಿ ಕಾಣುತ್ತದೆ. ಅಲರ್ಜಿಯ ಕಾರಣಕ್ಕೆ ಅದು ಈಗ ನಿಷಿದ್ಧ. ಬೆಂಜೋಯಿನ್ ಕೂಡ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಮಾರುವವರಿಂದ ಐಎಫ್‌ಆರ್‌ಎ ಪ್ರಮಾಣಪತ್ರ ಕೇಳಿ ಪಡೆಯಿರಿ, ಸಿದ್ಧವಾದದ್ದನ್ನು ಮೊಣಕೈ ಒಳಬದಿಗೆ ಒಂದು ಹನಿ ಹಚ್ಚಿ 24 ಗಂಟೆ ನೋಡಿ.

ನಾಲ್ಕು ವಾರ ಕತ್ತಲಲ್ಲಿಟ್ಟು, ಎರಡು ದಿನ ಫ್ರಿಜ್ಜಿನಲ್ಲಿರಿಸಿ, ತಣ್ಣಗಿರುವಾಗಲೇ ಸೋಸಬೇಕು. ಲ್ಯಾಬ್ಡನಮ್‌ನ ಮೇಣ ಚಳಿಗೆ ಮೋಡದಂತೆ ಕಟ್ಟಿ ಕಾಗದದ ಮೇಲೆ ನಿಲ್ಲುತ್ತದೆ. ಈ ಹಂತ ಬಿಟ್ಟರೆ ಚಳಿಗಾಲದಲ್ಲಿ ಸೀಸೆ ಮಸಕಾಗುತ್ತದೆ, ಸ್ಪ್ರೇ ಮೂತಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ಮೂತಿಯನ್ನು ಬರೀ ಆಲ್ಕೋಹಾಲಿನಲ್ಲಿ ಒಂದು ರಾತ್ರಿ ನೆನೆಸಿದರೆ ಬಿಡುತ್ತದೆ. ಸೋಸಿದ ಮೇಲೂ ಮಸಕು ಹೋಗದಿದ್ದರೆ ಆಲ್ಕೋಹಾಲಿನಲ್ಲಿ ನೀರಿನಂಶ ಹೆಚ್ಚಿರಬಹುದು. ಆಲ್ಕೋಹಾಲ್ ಬೇಡ, ಅತ್ತರಿನಂತೆ ಎಣ್ಣೆಯಲ್ಲೇ ಇರಲಿ ಎನ್ನುವವರು ಕೊಬ್ಬರಿ ಎಣ್ಣೆಗೆ ಹಾಕಿ ಸೋಲುತ್ತಾರೆ. ವೆನಿಲಿನ್ ಅದರಲ್ಲಿ ಸರಿಯಾಗಿ ಕರಗದೆ ಹರಳಾಗಿ ಕೂರುತ್ತದೆ, ರಾಳ ತಳಕ್ಕೆ ಅಂಟುತ್ತದೆ. ದ್ರಾವಣಗಳನ್ನು ಮೊದಲಿನಿಂದಲೇ ಬೆಂಜೈಲ್ ಬೆಂಜೋಯೇಟ್ ಅಥವಾ ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್) ಎಂಬ, ಹೆಚ್ಚುಕಡಿಮೆ ವಾಸನೆಯಿಲ್ಲದ ದ್ರಾವಕಗಳಲ್ಲಿ ಮಾಡಿಕೊಳ್ಳಬೇಕು.

ಇಷ್ಟಾದ ಮೇಲೆ ಯಾವ ಕಡೆಗೆ ವಾಲಿಸುವುದು ಎಂಬುದು. ಮೇಲಿನ ಪ್ರಮಾಣ ನಟ್ಟನಡುವೆ ನಿಲ್ಲುವಂಥದ್ದು, ಸಿಹಿಗಿಂತ ತೊಗಲು-ಹೊಗೆ ಒಂದು ಗುಲಗಂಜಿ ಮುಂದೆ. ವೆನಿಲಿನ್ ದ್ರಾವಣವನ್ನು 5 ಗ್ರಾಂಗೆ ಏರಿಸಿದರೆ ಲ್ಯಾಬ್ಡನಮ್ ಅಡಗಿ ಸಿಹಿತಿಂಡಿಯ ಕಡೆಗೆ ಹೋಗುತ್ತದೆ. ಲ್ಯಾಬ್ಡನಮ್ ದ್ರಾವಣ 5 ದಾಟಿದರೆ ಡಾಂಬರು, ಕೊಟ್ಟಿಗೆ. ಗುಲಾಬಿ ಅಬ್ಸಲ್ಯೂಟಿನ ಒಂದೆರಡು ಹನಿ ಅದನ್ನು ಮದುವೆಮನೆಗೆ ಕರೆದೊಯ್ಯುತ್ತದೆ. ನನಗೆ ಹಿಡಿಸುವುದು ಒಣ ದಾರಿ. ವೆನಿಲಿನ್ ದ್ರಾವಣ 3.0ರಿಂದ 2.0 ಗ್ರಾಂಗೆ ಇಳಿಸಿ, ಆ ಜಾಗಕ್ಕೆ ಫ್ರಾಂಕಿನ್ಸೆನ್ಸ್ ಎಂಬ ಧೂಪದ ರಾಳದ ಎಣ್ಣೆ 0.2 ಗ್ರಾಂ, ಕರಿಮೆಣಸಿನ ಎಣ್ಣೆ 0.05 ಗ್ರಾಂ, ಉಳಿದ 0.75 ಗ್ರಾಂ ಬರೀ ಆಲ್ಕೋಹಾಲ್. ಆದರೆ ಫ್ರಾಂಕಿನ್ಸೆನ್ಸ್, ಮೆಣಸು ಎರಡನ್ನೂ ಒಂದೇ ಸಲ ಹಾಕಬೇಡಿ. ವೆನಿಲಿನ್ ಇಳಿಸಿದ ಬೇಸನ್ನು ಮೂರು ಸೀಸೆಗೆ ಹಂಚಿ, ಒಂದನ್ನು ಇದ್ದಂತೆಯೇ ಬಿಟ್ಟು, ಇನ್ನೆರಡಕ್ಕೆ ಒಂದೊಂದೇ ಎಣ್ಣೆಯನ್ನು ಮೇಲಿನ ತೂಕದ ಮೂರನೇ ಒಂದರಷ್ಟು ಹಾಕಿ, ತೂಕವನ್ನೂ ತಾರೀಖನ್ನೂ ಸೀಸೆಯ ಮೇಲೇ ಬರೆದು, ವಾರ ಬಿಟ್ಟು ಮೂರನ್ನೂ ಒಟ್ಟಿಗೆ ಮೂಸಿ ನೋಡಿ.